ಜಾಲಿ ದಾನಿ ಬೋರಣ್ಣ

ಎಲ್ಲ ಅನಾಹುತಕ್ಕೂ ಮೂಲ ಎರಡೇ ಅಕ್ಷರದ ಒಂದು ಮಾತು. ಅದು ಒಂದು ಭಾನುವಾರ ಬೆಳಗ್ಗೆ, ತೆಲುಗಿನಲ್ಲಿ, ಪಾಪಣ್ಣನ ಮೊಬೈಲಿಗೆ ಬಂತು.

ರಾಯದುರ್ಗಕ್ಕೂ ಡಿ. ಹಿರೇಹಾಳಿಗೂ ನಡುವಿನ ಆ ಊರಿನಲ್ಲಿ ಬೆಳಗಿನ ಸುದ್ದಿಯೆಲ್ಲ ಸಣ್ಣಕ್ಕನ ಚಾ ಹೋಟೆಲಿನ ಮುಂದೆಯೇ ಬಿಚ್ಚಿಕೊಳ್ಳುವುದು. ಪಾಪಣ್ಣ ಕನ್ನಡಕ ಹಾಕಿಕೊಂಡು, ಪಂಚಾಂಗ ಓದುವವನಂತೆ ರಾಗವಾಗಿ ಓದಿದ. ರಾಯದುರ್ಗದಲ್ಲಿ ಅವತ್ತು ಸಂಜೆ ಇಸ್ಲಾಮಿ ಕಲೆ ಮತ್ತು ವಾಸ್ತುಶಿಲ್ಪದ ಹೊಸ ಮ್ಯೂಸಿಯಂ ಶುರುವಾಗುವುದಿತ್ತು. ಹಳೆಯ ಜಾಲಿ ಇರುವವರು ಅಲ್ಲಿಗೆ ಕೊಡಬಹುದು, ಕೊಟ್ಟವರ ಹೆಸರನ್ನು ಬೋರ್ಡಿನ ಮೇಲೆ ಬರೆಸಲಾಗುವುದು, ಎಂದಿತ್ತು. ಕೆಳಗೆ ಒಂದು ಫೋನ್ ನಂಬರು.

"ಜಾಲಿ ಅಂದ್ರ ತೆಲುಗಿನಾಗ ಮರುಕ, ಕನಿಕರ," ಎಂದ ಪಾಪಣ್ಣ. "ಹಳೇ ಕನಿಕರ ಯಾರ ಹತ್ರ ಇರತೈತಿ ಈ ಊರಾಗ? ಹೊಸಾದ ಇಲ್ಲ. ಅಂದ್ಮ್ಯಾಲ ಇದು ನಮ್ಮ ಕನ್ನಡದ ಜಾಲಿನ. ಬಳ್ಳಾರಿ ಜಾಲಿ."

"ಮುಳ್ಳಿನ ಗಿಡಾನ ಮ್ಯೂಸಿಯಮ್ಮಿನಾಗ ಇಡತಾರೇನು?" ಎಂದು ಸಣ್ಣಕ್ಕ ಕೇಳಿದಳು.

"ಮ್ಯೂಸಿಯಂ ಅಂದ್ರ ಏನು ತಿಳದೀಯವಾ? ನಾಳೆ ಇಲ್ಲದಂಗ ಆಗೋದನ್ನ ಇವತ್ತ ಎತ್ತಿ ಇಡೋ ಜಾಗ. ಜಾಲಿ ಬೇರುಸಹಿತ ಕೀಳತೀವಿ ಅಂತ ಎಲ್ಲಾ ಕಡೆ ಹೊಂಟಾರ. ನಾಳೆ ಹುಟ್ಟೋ ಮಕ್ಕಳಿಗೆ ತೋರ್ಸಾಕ ಒಂದಾರ ಬೇಕಲ್ಲ?"

ವಾದದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಚಾ ಆರಿಸುತ್ತಿದ್ದ ಬೋರಣ್ಣ ಮಾತ್ರ ಇದನ್ನೆಲ್ಲ ಕೇಳಿಸಿಕೊಳ್ಳಲಿಲ್ಲ. ಅವನ ಕಿವಿ 'ಹೆಸರನ್ನು ಬೋರ್ಡಿನ ಮೇಲೆ' ಎಂಬಲ್ಲಿಯೇ ನಿಂತುಬಿಟ್ಟಿತ್ತು.

ಅದಕ್ಕೆ ಕಾರಣವಿತ್ತು. ಆ ಊರಿನಲ್ಲಿ ಹೆಸರಿಲ್ಲದ ವಸ್ತುವೇ ಇರಲಿಲ್ಲ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೊಟ್ಟವರ ಹೆಸರು, ಶಾಲೆಯ ನೀರಿನ ಟ್ಯಾಂಕಿನ ಮೇಲೆ ಹೆಸರು, ಬಸವಣ್ಣನ ಗುಡಿಯ ಟ್ಯೂಬ್‌ಲೈಟಿನ ಮೇಲೆ ಬೆಳಕು ಹೊರಗೆ ಬರಲಾಗದಷ್ಟು ಹೆಸರು. ಅದೇ ಗುಡಿಯ ಫ್ಯಾನಿನ ಒಂದು ರೆಕ್ಕೆಯ ಮೇಲೆ 'ಪಾ', ಇನ್ನೊಂದರ ಮೇಲೆ 'ಪ', ಮತ್ತೊಂದರ ಮೇಲೆ 'ಣ್ಣ' ಎಂದು ಕೆಂಪು ಬಣ್ಣದಲ್ಲಿ ಬರೆಸಿತ್ತು. ತಿರುಗಿದರೆ ಹೆಸರು ಓದಲು ಬರುವುದಿಲ್ಲವೆಂದು ಪಾಪಣ್ಣ ಚೈತ್ರದ ಬಿಸಿಲಿನಲ್ಲೂ ಆ ಫ್ಯಾನು ಹಾಕಲು ಬಿಡುತ್ತಿರಲಿಲ್ಲ. ಬೋರಣ್ಣನ ಹೆಸರು ಇದ್ದದ್ದು ಒಂದೇ ಕಡೆ, ಪಡಿತರ ಚೀಟಿಯಲ್ಲಿ. ಅಲ್ಲಿಯೂ ಅದು 'ಬೋರಮ್ಮ' ಎಂದು ಅಚ್ಚಾಗಿತ್ತು. ತಿದ್ದಿಸಲು ಹೋದಾಗಲೆಲ್ಲ ಅಲ್ಲಿಯವರು, "ಬೋರಮ್ಮನ್ನ ಕರಕೊಂಡು ಬಾ," ಎನ್ನುತ್ತಿದ್ದರು.

ಕೂಲಿ ಮಾಡಿ, ಎರಡೆಕರೆ ಶೇಂಗಾ ಹಾಕಿ ಐವತ್ತು ದಾಟಿದವನು ಬೋರಣ್ಣ. ಮಾತು ಕಡಿಮೆ. ಗುಡಿಗೆ ಹೋದರೆ ಅವನು ದೇವರಿಗಿಂತ ಮೊದಲು ಫ್ಯಾನನ್ನು ನೋಡುತ್ತಾನೆಂಬುದು ಅವನ ಹೆಂಡತಿ ಓಬಮ್ಮನಿಗೆ ಮಾತ್ರ ಗೊತ್ತಿತ್ತು.

"ನಮ್ಮ ಹೊಲದ ಬದುವಿನಾಗ ಒಂದು ಐತಿ," ಎಂದ ಬೋರಣ್ಣ. "ನಮ್ಮಪ್ಪನ ಕಾಲದ್ದು."

ಎಲ್ಲರೂ ತಿರುಗಿ ಅವನನ್ನು ನೋಡಿದರು. ಬೋರಣ್ಣ ತಾನಾಗಿ ಬಾಯಿ ಬಿಟ್ಟದ್ದೇ ಅವತ್ತಿನ ಮೊದಲ ಸುದ್ದಿಯಾಯಿತು.

ಪಾಪಣ್ಣ ಅಲ್ಲಿಯೇ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಬೋರಣ್ಣನ ಬಾಯಿಗೆ ಹಿಡಿದ. ಆ ಕಡೆಯಿಂದ ಎಳೆಯ ಹೆಣ್ಣುದನಿ ಬಂತು. ಮ್ಯೂಸಿಯಮ್ಮನ್ನು ನೋಡಿಕೊಳ್ಳುವವಳು, ಹೆಸರು ತ್ರಿವೇಣಿ.

"ಮೇಡಮ್ಮರ, ನಮ್ಮಲ್ಲಿ ಹಳೇ ಜಾಲಿ ಐತ್ರಿ."

"ಹೌದಾ! ಎಷ್ಟು ಹಳೇದು?"

"ಅರವತ್ತು ವರ್ಷ ಆಗಿರಬೇಕ್ರಿ."

"ಎಲ್ಲಿದೆ? ಮನೆಯ ಗೋಡೆಯಲ್ಲಾ?"

"ಹೊಲದಾಗ್ರಿ. ಅರ್ಧ ನೆಲದೊಳಗ, ಅರ್ಧ ಮ್ಯಾಲ."

"ನೆಲದೊಳಗೆ ಹೂತಿದೆಯಾ!" ಆ ದನಿ ಕುಣಿಯಿತು. "ಹುಷಾರಾಗಿ ತೆಗೀರಿ. ಒಂದು ತುದಿಯೂ ಮುರೀಬಾರದು. ಬರಿಗೈಲಿ ಮುಟ್ಟಬೇಡಿ."

"ಬರಿಗೈಲೆ ಯಾರು ಮುಟ್ಟತಾರ್ರಿ ಅದನ್ನ."

"ಒಳ್ಳೆಯವರು ನೀವು. ಅದರಲ್ಲಿ ಹೂವು, ಬಳ್ಳಿ, ಏನಾದ್ರೂ ಇದೆಯಾ?"

"ಹೂವು ಹೋಗಿ ಕಾಯಿ ಆಗ್ಯಾವ್ರಿ."

"ಕಾಯಿಗಳನ್ನೂ ಕೆತ್ತಿದ್ದಾರಾ?"

"ಇಲ್ರಿ, ಯಾರೂ ಕಿತ್ತಿಲ್ಲ. ಹಂಗ ಜೋತು ಬಿದ್ದಾವ."

"ಅಬ್ಬಾ! ಮತ್ತೆ ಬಿಸಿಲು ಬಿದ್ದರೆ ನೆಲದ ಮೇಲೆ ನೆರಳು ಹೇಗೆ ಬೀಳುತ್ತೆ?"

ಬೋರಣ್ಣ ಕಣ್ಣು ಮುಚ್ಚಿ ನೆನಪಿಸಿಕೊಂಡ. "ಚುಕ್ಕಿ ಚುಕ್ಕಿ ಬೀಳತೈತ್ರಿ. ರಂಗೋಲಿ ಇಟ್ಟಂಗ. ನೋಡಾಕ ಬಾಳ ಚಂದ."

"ಅಣ್ಣ, ನಾಲ್ಕು ಗಂಟೆಗೆ ದಿಲ್ಲಿಯಿಂದ ಪ್ರೊಫೆಸರ್ ಬರ್ತಾರೆ. ಅಷ್ಟರೊಳಗೆ ತಂದುಬಿಡಿ. ನಿಮ್ಮ ಬೋರ್ಡು ಈಗಲೇ ಬರೆಸ್ತೀನಿ. ಹೆಸರು?"

"ಬೋರಣ್ಣ ರೀ," ಎಂದವನು, ಫೋನು ಇಡುವ ಮುಂಚೆ ಅವಸರವಾಗಿ ಸೇರಿಸಿದ, "ಬೋರಮ್ಮ ಅಲ್ರಿ!"

ಮುಂದಿನ ಮೂರು ತಾಸು ಬೋರಣ್ಣ ಆ ಗಿಡದೊಡನೆ ಹೋರಾಡಿದ. ಕೊಡಲಿಯಿಂದ ಬುಡ ಕಡಿದ. ಕವೆಗೋಲಿನಿಂದ ಒಂದೊಂದೇ ಕೊಂಬೆಯನ್ನು, ಮದುವೆ ಹೆಣ್ಣನ್ನು ಗಾಡಿ ಹತ್ತಿಸುವಷ್ಟು ನಾಜೂಕಾಗಿ, ಪಾಪಣ್ಣನ ಟ್ರ್ಯಾಕ್ಟರಿನ ಟ್ರಾಲಿಗೆ ಏರಿಸಿದ. ಪಾಪಣ್ಣ ನೆರಳಲ್ಲಿ ಕೂತು ಸಲಹೆ ಕೊಟ್ಟ. "ಜಾಲಿ ನಿಂದು, ಟ್ರ್ಯಾಕ್ಟರ್ ನಂದು. ಬೋರ್ಡಿನಾಗ ಇಬ್ಬರ ಹೆಸರೂ ಬರಬೇಕು ನೋಡಲೇ. ನಂದು ಮ್ಯಾಲ, ನಿಂದು ಕೆಳಗ."

"ನಿನಗ ಫ್ಯಾನು ಐತಲ್ಲೋ," ಎಂದ ಬೋರಣ್ಣ.

ಹೊರಡುವಾಗ ಓಬಮ್ಮ ಒಂದು ಪೊಟ್ಟಣ ಸಕ್ಕರೆ, ಒಂದು ಕಟ್ಟು ಊದುಬತ್ತಿ ತಂದು ಗಂಡನ ಕೈಗಿಟ್ಟಳು. ವರ್ಷಕ್ಕೊಮ್ಮೆ ಮೊಹರಮ್ಮಿನ ಪೀರಲ ಹಬ್ಬದಲ್ಲಿ ಮುಲ್ಲಾನಿಂದ ಸಕ್ಕರೆ ಓದಿಸಿಕೊಂಡು ಬರುವ ಮನೆ ಅವರದು. "ಸಾಬರ ದೇವರ ಜಾಗ ಅಂತ. ಬರಿಗೈಲೆ ಹೋಗಬ್ಯಾಡ್ರಿ. ಹೆಸರು ಬರೆಸಿದ ಮ್ಯಾಲ ಸಕ್ಕರಿ ಓದಿಸಿಕೊಂಡು ಬರ್ರಿ. ಮತ್ತ, ಅಂಗಿ ಗುಂಡಿ ಹಾಕ್ಕೊಳ್ರಿ."

ರಾಯದುರ್ಗದ ಬೆಟ್ಟದ ಕೆಳಗೆ, ಊರು ಮುಗಿಯುವಲ್ಲಿ, ಇನಾಯತುಲ್ಲಾ ಸಾಹೇಬರ ಹಳೆಯ ಬಂಗಲೆ. ಮೂವತ್ತು ವರ್ಷ ಹೊರಗೆ ಕಟ್ಟಡಗಳ ನಕ್ಷೆ ಬರೆದು, ವಯಸ್ಸಾದ ಮೇಲೆ ಊರಿಗೆ ಬಂದು, ತಾವು ಕೂಡಿಸಿದ್ದನ್ನೆಲ್ಲ ಆ ಬಂಗಲೆಯಲ್ಲಿಟ್ಟು ಮ್ಯೂಸಿಯಂ ಮಾಡಿದ್ದರು. ಟ್ರ್ಯಾಕ್ಟರು ಅಂಗಳದೊಳಗೆ ಹೋಗಿ ನಿಂತಾಗ ಒಂದೂವರೆ ಗಂಟೆ. ಮುಂದೆ ಶಾಮಿಯಾನ, ಅದರಾಚೆ ಒಂದು ತೋಟ. ನಾಲ್ಕು ಚೌಕ ಪಾತಿ, ನಡುವೆ ನೀರಿನ ಕಾಲುವೆ, ಪಾತಿಗಳ ತುಂಬ ಮೊಣಕಾಲೆತ್ತರದ ಗುಲಾಬಿ ಮತ್ತು ದಾಳಿಂಬೆ ಸಸಿ. ತೋಟದ ಹಿಂದಿನ ಕಾಂಪೌಂಡು ಗೋಡೆ ಇನ್ನೂ ಎದ್ದಿರಲಿಲ್ಲ. ಅಲ್ಲಿ ಮಾನ ಮುಚ್ಚಲು ಶಾಮಿಯಾನದವರ ಬಣ್ಣದ ಪರದೆ ಎಳೆದಿದ್ದರು.

"ನೀ ಒಳಗ ಹೋಗಿ ಮೇಡಮ್ಮರನ್ನ ಕರಕೊಂಡು ಬಾ. ನಾ ಇಲ್ಲಿ ಕಾವಲಿರತೀನಿ," ಎಂದ ಪಾಪಣ್ಣ, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ಆಗಲೇ ಕಣ್ಣು ಮುಚ್ಚುತ್ತ.

ಬೋರಣ್ಣ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಬಲಗಾಲಿಟ್ಟು ಒಳಗೆ ಹೋದ. ಅವನ ಹಿಂದೆ ಬಂದ ಹೂವಿನ ಅಲಂಕಾರದವರು ಅವನ ಚಪ್ಪಲಿ ನೋಡಿ ತಾವೂ ಬಿಟ್ಟರು. ಅದನ್ನು ನೋಡಿ ಮೈಕಿನವರು ಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಪೀರಲ ಹಬ್ಬದ ಹೊತ್ತಿನಷ್ಟು ಚಪ್ಪಲಿ ಬಿದ್ದಿತ್ತು.

ಒಳಗೆ ತಂಪು. ಗೋಡೆಯ ಮೇಲೆ ಆಕಾಶದ ಬಣ್ಣದ ಹಂಚುಗಳು, ಒಂದರ ಬಳ್ಳಿ ಇನ್ನೊಂದರೊಳಗೆ ನುಸುಳಿ ಎಲ್ಲಿ ಶುರು ಎಲ್ಲಿ ಕೊನೆ ತಿಳಿಯದಂತೆ. ಕಪ್ಪು ಲೋಹದ ಮೇಲೆ ಬೆಳ್ಳಿಯ ಎಳೆ ಕೂಡಿಸಿದ ಹುಕ್ಕಾ. ಬೇರೆ ಬೇರೆ ಊರಿನ ಗುಂಬಜುಗಳನ್ನು ಗಾರೆಯಲ್ಲಿ ಚಿಕ್ಕದಾಗಿ ಮಾಡಿಟ್ಟ ಸಾಲು, ಮಕರಸಂಕ್ರಾಂತಿಯ ಸಕ್ಕರೆ ಅಚ್ಚಿನ ಹಾಗೆ. ಕಾಗದದ ಮೇಲೆ ಬರೆದ ಅಕ್ಷರಗಳು ಒಂದು ಹಡಗಿನ ಆಕಾರಕ್ಕೆ ನಿಂತಿದ್ದವು. ಹೆಸರನ್ನು ಹೀಗೂ ಬರೆಯಬಹುದಲ್ಲ ಎಂದುಕೊಂಡ ಬೋರಣ್ಣ. ಗೋಡೆಯಲ್ಲಿ ಕೆತ್ತಿದ ಕಮಾನಿನ ಗೂಡೊಂದರ ಮುಂದೆ ನಿಂತು ದೀಪ ಹುಡುಕಿದ. ದೀಪವಿರಲಿಲ್ಲ. ಆದರೂ ಕೈ ಮುಗಿದ.

ಅದರ ಮುಂದಿನ ಕೋಣೆಯಲ್ಲಿ ಅವನ ಕಾಲು ನಿಂತವು.

ಕಿಟಕಿಯ ಜಾಗದಲ್ಲಿ ಒಂದು ಕಲ್ಲು. ಇಡೀ ಕಲ್ಲನ್ನು ತೂತು ತೂತಾಗಿ ಕೊರೆದು, ನಕ್ಷತ್ರಕ್ಕೆ ನಕ್ಷತ್ರ ಹೆಣೆದಿದ್ದರು. ಹೊರಗಿನ ಬಿಸಿಲು ಅದರೊಳಗಿಂದ ಸೋಸಿ ನೆಲದ ಮೇಲೆ ಬಿದ್ದಿತ್ತು. ಚುಕ್ಕಿ ಚುಕ್ಕಿಯಾಗಿ. ಅವನು ಆ ಬೆಳಕಿನ ಮೇಲೆ ಕಾಲಿಡಲಾಗದೆ ಅಂಚಿನಲ್ಲೇ ನಿಂತ. ಯಾರೋ ಒಬ್ಬ ಮನುಷ್ಯ ಎಷ್ಟು ದಿನ ಕೂತು, ಒಂದು ಏಟೂ ಹೆಚ್ಚು ಬೀಳದಂತೆ ಕೈ ಹಿಡಿತದಲ್ಲಿಟ್ಟು ಇದನ್ನು ಕೊರೆದಿರಬೇಕು ಎನ್ನಿಸಿತು. ಕೊರೆದವನ ಹೆಸರು ಎಲ್ಲಿಯೂ ಇರಲಿಲ್ಲ. ಕೆಳಗಿನ ಪಟ್ಟಿಯಲ್ಲಿ ತೆಲುಗು ಅಕ್ಷರದಲ್ಲಿ ಎರಡೇ ಅಕ್ಷರ ಬರೆದಿತ್ತು.

ಜಾಲಿ.

ಬೋರಣ್ಣ ಅದನ್ನು ಎರಡು ಸಲ ಓದಿದ. ಬೆನ್ನ ಮೇಲೆ ಬೆವರಿನ ಒಂದು ಹನಿ ಇರುವೆಯ ಹಾಗೆ ಇಳಿಯಿತು. ಪಕ್ಕದಲ್ಲಿ ಬಿಳಿ ಬಟ್ಟೆ ಹೊದಿಸಿದ ಒಂದು ಖಾಲಿ ಪೀಠ. ಅದರ ಮುಂದೆ ಬಣ್ಣ ಇನ್ನೂ ಪೂರ್ತಿ ಆರದ ಹೊಸ ಬೋರ್ಡು. ಕನ್ನಡ, ತೆಲುಗು, ಇಂಗ್ಲಿಷು, ಮೂರೂ ಅಕ್ಷರದಲ್ಲಿ ಒಂದೇ ಮಾತು: 'ಜಾಲಿ ದಾನಿ ಬೋರಣ್ಣ.'

ಐವತ್ತು ವರ್ಷದಲ್ಲಿ ಮೊದಲ ಸಲ ಅವನ ಹೆಸರನ್ನು ಯಾರೋ ತಪ್ಪಿಲ್ಲದೆ ಬರೆದಿದ್ದರು. ಹಿಂದಿನ ಪೀಠದ ಮೇಲೆ ಮಾತ್ರ ಏನೂ ಇರಲಿಲ್ಲ.

"ಬಂದ್ರಾ ಅಣ್ಣ!" ಬಾಗಿಲಲ್ಲಿ ತ್ರಿವೇಣಿ ಕಾಣಿಸಿದಳು. ಇಪ್ಪತ್ತೈದರ ಹುಡುಗಿ, ಕೈಗೆ ಹತ್ತಿಯ ಕೈಗವಸು, ಕಲ್ಲನ್ನು ಮುಟ್ಟಲು ಹಾಕಿಕೊಳ್ಳುವಂಥದ್ದು. "ಎಲ್ಲಿ? ಜಾಲಿ ಎಲ್ಲಿ?"

ಬೋರಣ್ಣ ಬಾಯಿ ತೆರೆದ. ಅವನ ಪರವಾಗಿ ಹೊರಗಿನಿಂದ ಉತ್ತರ ಬಂತು.

"ಮ್ಯಾ...!"

ಒಂದಲ್ಲ. ಹತ್ತಲ್ಲ.

ಜಾಲಿ ಕಾಯಿ ಅಂದರೆ ಆಡು ಕುರಿಗಳಿಗೆ ನಮಗೆ ಹೋಳಿಗೆ ಇದ್ದ ಹಾಗೆ. ಹಣ್ಣಾದ ಕಾಯಿ ಜೋಲುವ ಒಂದು ಟ್ರಾಲಿ ಹೋಳಿಗೆ ಊರ ನಡುವೆ ಹಾದು ಬಂದಿತ್ತು. ದಾರಿಯುದ್ದಕ್ಕೂ ಉದುರಿದ್ದನ್ನು ಮೇಯುತ್ತ, ವಾಸನೆ ಹಿಡಿದು, ರಾಯದುರ್ಗದ ಬೀದಿಯ ಆಡುಗಳು, ಜೊತೆಗೆ ಒಂದು ಕುರಿಹಿಂಡು, ಪರದೆಯ ಕೆಳಗೆ ನುಸುಳಿ ಬಂದಿದ್ದವು. ಟ್ರಾಲಿಯ ಎತ್ತರಕ್ಕೆ ಬಾಯಿ ನಿಲುಕದಿದ್ದಾಗ ಕೆಳಗೆ ನೋಡಿದವು. ಕೆಳಗೆ ಗುಲಾಬಿ ಇತ್ತು. ಪಾಪಣ್ಣ ಕಾವಲು ಕಾಯುತ್ತ ಗೊರಕೆ ಹೊಡೆಯುತ್ತಿದ್ದ.

ತ್ರಿವೇಣಿ ಮೆಟ್ಟಿಲ ಮೇಲೆ ಬಂದು ನಿಂತಳು. ಅಲ್ಲಿಯವರೆಗೆ ಅಚ್ಚು ಹೊಡೆದಂತೆ ಕನ್ನಡ ಮಾತಾಡುತ್ತಿದ್ದ ಆ ಹುಡುಗಿಯ ಬಾಯಿಂದ ಅವಳ ಹುಟ್ಟೂರು ಮಡಕಶಿರಾದ ಮಾತು ಒಮ್ಮೆಲೇ ಹೊರಗೆ ಹಾರಿತು.

"ಅಯ್ಯೋ ನಿಮ್ಮನೆ ಕಾಯ್ಹೋಗ! ಹೈ! ಹೈ! ವರ್ಷದಿಂದ ನೀರು ಹೊತ್ತಿವ್ನಿ ಕಣ್ರೋ ಇದಕ್ಕೆ! ಯಾವನ್ಲಾ ಈ ಮುಳ್ಳು ತಂದೋನು?"

"ನಾನ್ರಿ," ಎಂದ ಬೋರಣ್ಣ.

"ಜಾಲಿ ತತ್ತೀನಿ ಅಂದಿದ್ದೋರು ನೀವೇ ಅಲ್ವಾ? ಮತ್ತೆ ಜಾಲಿ ಎಲ್ಲೈತೆ?"

"ಇದ ಜಾಲಿ ರೀ."

ಅವಳು ಟ್ರಾಲಿ ನೋಡಿದಳು. ಅವನನ್ನು ನೋಡಿದಳು. ಹೂವು, ಕಾಯಿ, ಚುಕ್ಕಿ ಚುಕ್ಕಿ ನೆರಳು, ಎಲ್ಲ ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದವು. ಮಡಕಶಿರಾ ಸೀಮೆಯಲ್ಲೂ ಅದಕ್ಕೆ ಜಾಲಿ ಎಂದೇ ಹೆಸರು. ಅದು ಅವಳಿಗೂ ಗೊತ್ತಿತ್ತು. ಹೈದರಾಬಾದಿನಲ್ಲಿ ಓದಿ ಮರೆತಿದ್ದಳು.

ಅಷ್ಟರಲ್ಲಿ ಇನಾಯತುಲ್ಲಾ ಸಾಹೇಬರು ಕೋಲೂರಿಕೊಂಡು ಹೊರಬಂದರು. ಏನೂ ಬೈಯಲಿಲ್ಲ. ತಮ್ಮ ಕೈಯಿಂದಲೇ ನೆಟ್ಟ ಸಸಿಗಳ ಮೇಲೆ ಒಂದು ಹೋತ ಎರಡು ಕಾಲೆತ್ತಿ ನಿಂತದ್ದನ್ನು ನೋಡಿ, ಮೆಟ್ಟಿಲ ಮೇಲೆ ಕುಳಿತುಬಿಟ್ಟರು. "ಇನ್ನ ಎರಡು ತಾಸಿಗೆ ಮಂದಿ ಬರತಾರ," ಎಂದರು ಮೆಲ್ಲಗೆ. "ಗೋಡೆ ಆಗೋತನಕ ಕಾಯಬೇಕಿತ್ತು. ನಂದ ತಪ್ಪು."

ಆ ಮೆಲುದನಿ ಬೋರಣ್ಣನಿಗೆ ಚಾಟಿಯೇಟಿಗಿಂತ ಹೆಚ್ಚು ತಾಗಿತು. ಅವನಿಗೆ ಕಲ್ಲು ಕೊರೆಯಲು ಬರುತ್ತಿರಲಿಲ್ಲ. ನಾಲ್ಕು ಮಂದಿಯ ಮುಂದೆ ಮಾತಾಡಲೂ ಬರುತ್ತಿರಲಿಲ್ಲ. ಆದರೆ ಆಡಿನ ಬಾಯಿಂದ ಬೆಳೆ ಉಳಿಸುವುದು ಬರುತ್ತಿತ್ತು. ಅದನ್ನು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದಿದ್ದ.

"ಪಾಪಣ್ಣಾ! ಏಳಲೇ!" ಎಂದು ಅವನು ಕೂಗಿದ ಕೂಗಿಗೆ ಪಾಪಣ್ಣ ಎದ್ದು ಹಾರನ್ ಒತ್ತಿಬಿಟ್ಟ.

ಬೋರಣ್ಣ ಕವೆಗೋಲು ಹಿಡಿದು ಟ್ರಾಲಿ ಏರಿದ. ಕಾಯಿ ತುಂಬಿದ ಒಂದು ಕೊಂಬೆ ಎತ್ತಿ ಆಡುಗಳ ಮುಂದೆ ಆಡಿಸಿದ. ನಲವತ್ತು ತಲೆ ಒಮ್ಮೆಗೇ ಮೇಲೆದ್ದವು. ಅದನ್ನು ನೆಲದ ಮೇಲೆ ಎಳೆದುಕೊಂಡು ಅವನು ಮುಂದೆ, ಹಿಂಡು ಹಿಂದೆ. ರಸ್ತೆ ದಾಟಿ ಬಯಲಿನಲ್ಲಿ ಕೊಂಬೆ ಕೊಡವಿದ. ಕಾಯಿ ಮಳೆಯಂತೆ ಉದುರಿತು. ಆಡುಗಳು ಗುಲಾಬಿಯನ್ನು ಆ ಕ್ಷಣವೇ ಮರೆತವು.

"ಇದು ಮುಗದ್ರ ಮತ್ತ ಬರತಾವು," ಎಂದ ವಾಪಸು ಬಂದವನು. "ಅಷ್ಟರೊಳಗ ಬೇಲಿ ಆಗಬೇಕು. ಮೇಡಮ್ಮರ, ಆ ಪರದಿ ಬಿಚ್ಚಸ್ರಿ. ಸಾಹೇಬರ, ನೀವು ಎದ್ದು ನೆರಳಿಗೆ ಕುಂದರ್ರಿ. ಪಾಪಣ್ಣ, ನೀ ಮಾತಾಡಬ್ಯಾಡ, ಕಲ್ಲು ತಾ."

ಅವನ ಬಾಯಲ್ಲಿ ಹುಕುಂ ಕೇಳಿ ಪಾಪಣ್ಣ ಕಲ್ಲು ತರಲು ಹೋದದ್ದು ಪಾಪಣ್ಣನಿಗೇ ಆಶ್ಚರ್ಯ.

ಮುಳ್ಳುಬೇಲಿ ಹಾಕುವುದು ನೋಡಲು ಸುಲಭ. ಬುಡ ಒಳಗೆ, ಮುಳ್ಳು ಹೊರಗೆ. ಒಂದರ ಕವಲಿನಲ್ಲಿ ಇನ್ನೊಂದರ ತುದಿ ಸಿಕ್ಕಿಸಬೇಕು, ಎಳೆದರೆ ಬಿಗಿಯಾಗಬೇಕು, ಬುಡಕ್ಕೆ ಕಲ್ಲು ಹೇರಬೇಕು. ಒಂದು ಮೊಲವೂ ನುಸುಳಬಾರದು, ಆದರೆ ಗಾಳಿಯನ್ನು ತಡೆದರೆ ಬೇಲಿಯೇ ಬಿದ್ದುಹೋಗುತ್ತದೆ. ಬೋರಣ್ಣ ಕವೆಗೋಲಿನಿಂದ ಎತ್ತಿ, ತಿರುಗಿಸಿ, ಒತ್ತಿ, ಹೆಜ್ಜೆ ಹಿಂದಿಟ್ಟು ನೋಡಿ, ಮತ್ತೆ ಒತ್ತಿದ. ಅಂಗಿಯ ಗುಂಡಿ ಎರಡು ಹೋದವು. ಮೊಣಕೈಯಿಂದ ಕೆಳಗೆ ರಕ್ತದ ಗೆರೆಗಳಾದವು. ಮೂರೂಮುಕ್ಕಾಲಿಗೆ ಕಾಂಪೌಂಡಿನ ಬಾಯಿ ಈ ತುದಿಯಿಂದ ಆ ತುದಿಗೆ ಹೊಲಿದ ಹಾಗೆ ಮುಚ್ಚಿತ್ತು. ತ್ರಿವೇಣಿ ಅಷ್ಟರಲ್ಲಿ ಮುರಿದ ಸಸಿಗಳನ್ನು ಸವರಿ, ನೀರು ಬಿಟ್ಟಿದ್ದಳು. ಆಡು ಕಡಿದದ್ದಕ್ಕಿಂತ ತುಳಿದದ್ದೇ ಹೆಚ್ಚು. ನಾಲ್ಕರಲ್ಲಿ ಮೂರು ಪಾತಿ ಉಳಿದಿದ್ದವು.

ಬಯಲಿನ ಕಾಯಿ ಮುಗಿಸಿ ಹೋತ ಮುಂದಾಗಿ ಹಿಂಡು ವಾಪಸು ಬಂತು. ಬೇಲಿಗೆ ಮೂತಿ ಹಚ್ಚಿತು. "ಮ್ಯಾ" ಎಂದಿತು, ಸ್ವಲ್ಪ ಬೇರೆ ರಾಗದಲ್ಲಿ. ಹಿಂದೆ ಸರಿದು, ಅವಮಾನವಾದ ಬೀಗರ ಹಾಗೆ ಹೊರಟುಹೋಯಿತು.

ಸಾಹೇಬರು ಎದ್ದು ಬೇಲಿಯ ಹತ್ತಿರ ಬಂದರು. ಇಳಿಬಿಸಿಲು ಮುಳ್ಳಿನ ಹೆಣಿಗೆಯೊಳಗಿಂದ ಹಾದು, ಕಾಲುವೆಯ ಪಕ್ಕದ ಕಲ್ಲುದಾರಿಯ ಮೇಲೆ ಬಿದ್ದಿತ್ತು. ಅವರು ಅದನ್ನು ಬಹಳ ಹೊತ್ತು ನೋಡಿದರು. ಬೋರಣ್ಣನೂ ನೋಡಿದ.

"ಒಳಗಿನ ಕಲ್ಲಿನ ಜಾಲಿ ನೋಡಿದ್ರೇನು?" ಎಂದರು ಸಾಹೇಬರು ಕೊನೆಗೆ. "ಅದನ್ನ ಯಾಕ ಮಾಡತಿದ್ರು ಗೊತ್ತೇನು? ಗಾಳಿ ಬರಬೇಕು, ಬೆಳಕು ಬರಬೇಕು, ಬೇಕಿಲ್ಲದವರ ಕಣ್ಣು ಬರಬಾರದು."

"ನಮ್ಮ ಜಾಲೀನೂ ಹಂಗ ರೀ," ಎಂದ ಬೋರಣ್ಣ. "ಗಾಳಿ ಬರತೈತಿ, ಬೆಳಕು ಬರತೈತಿ. ಆಡು ಬರಾಂಗಿಲ್ಲ."

ಸಾಹೇಬರು ಗಡ್ಡ ಅಲುಗುವಂತೆ ನಕ್ಕರು. "ತ್ರಿವೇಣಿ," ಎಂದರು, "ಆ ಬೋರ್ಡು ಒಳಗ ಯಾಕ ಐತಿ? ಜಾಲಿ ಎಲ್ಲೈತೋ ದಾನಿ ಹೆಸರೂ ಅಲ್ಲೇ ಇರಬೇಕು. ತಂದು ಇಲ್ಲಿ ನಿಲ್ಲಸು."

ಬೋರಣ್ಣ ಅಂಗಿಯ ಜೇಬಿನಿಂದ ಸಕ್ಕರೆ ಪೊಟ್ಟಣ ತೆಗೆದು ಅವರ ಮುಂದೆ ಹಿಡಿದ. ಸಾಹೇಬರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆ ಅವನ ಬಾಯಿಗೆ ಹಾಕಿದರು.

ನಾಲ್ಕೂಕಾಲಿಗೆ ದಿಲ್ಲಿಯ ಪ್ರೊಫೆಸರು ಬಂದರು. ಗಿಡ್ಡನೆಯ, ನಗುಮುಖದ ಮನುಷ್ಯ. ಒಳಗೆಲ್ಲ ನೋಡಿದರು, ತಲೆದೂಗಿದರು. ತೋಟಕ್ಕೆ ಬಂದು ಬೇಲಿಯ ಮುಂದೆ ನಿಂತಾಗ ತ್ರಿವೇಣಿ ಇಂಗ್ಲಿಷಿನಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಅವರು ಎರಡೂ ಕೈಯಿಂದ ಬೋರಣ್ಣನ ಗೀರುಬಿದ್ದ ಕೈ ಹಿಡಿದುಕೊಂಡರು. ಆಮೇಲೆ ವೇದಿಕೆಗೆ ಕರೆದು, ಶಾಲು ಹೊದಿಸಿ, ಸುಗಂಧರಾಜದ ಹಾರ ಹಾಕಿದರು. ಮೈಕಿನಲ್ಲಿ ಹಿಂದಿಯಲ್ಲಿ ಏನೇನೋ ಹೇಳಿ, ಕೊನೆಗೆ ಬೋರ್ಡಿನ ಕಡೆ ಬೆರಳು ಮಾಡಿ, ಇಂಗ್ಲಿಷ್ ಅಕ್ಷರ ಕೂಡಿಸಿ ದೊಡ್ಡದಾಗಿ ಓದಿದರು: "ಜಾಲಿ ದಾನಿ ಬೋರಣ್ಣ!"

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಕೆಲವರು ಜೋರಾಗಿ ನಕ್ಕರು. ಪ್ರೊಫೆಸರಿಗೂ ನಗು ಬಂದು ಇನ್ನೊಂದು ಸಲ ಓದಿದರು. ಬೋರಣ್ಣನಿಗೆ ಹಿಂದಿ ಬಾರದು. ಸಂತೋಷಕ್ಕೆ ನಗುತ್ತಾರೆಂದುಕೊಂಡು ತಾನೂ ನಕ್ಕ. ಮೈಕಿನ ದನಿ ರಾಯದುರ್ಗದ ಬೆಟ್ಟಕ್ಕೆ ತಾಗಿ ಅವನ ಹೆಸರನ್ನು ವಾಪಸು ತಂದುಕೊಟ್ಟಿತು.

ಕೆಳಗೆ ಪಾಪಣ್ಣ ಮೊಬೈಲಿನಲ್ಲಿ ಎಲ್ಲ ಹಿಡಿದುಕೊಳ್ಳುತ್ತ, ನಡುನಡುವೆ ತ್ರಿವೇಣಿಗೆ ಗಂಟುಬಿದ್ದಿದ್ದ. "ಮೇಡಮ್ಮರ, ಕೆಳಗ ಇನ್ನ ಜಾಗ ಐತಲ್ರಿ. 'ಟ್ರ್ಯಾಕ್ಟರ್ ದಾನಿ ಪಾಪಣ್ಣ' ಅಂತ ಸಣ್ಣದಾಗಿ... ಇಲ್ಲಾಂದ್ರ ಬೋರ್ಡಿನ ಹಿಂಬದಿಗಾರ..."

"ನಿದ್ದೆ ದಾನಿ ಅಂತ ಬರೆಸ್ಲಾ ಅಣ್ಣಯ್ಯ?" ಎಂದಳು ತ್ರಿವೇಣಿ.

ವಾಪಸು ಬರುವಾಗ ಬೋರಣ್ಣ ಟ್ರಾಲಿಯಲ್ಲಿ ಕೂರಲಿಲ್ಲ, ನಿಂತ. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ, ಕೈಯಲ್ಲಿ ಕವೆಗೋಲು. ದಾರಿಯಲ್ಲಿ ಎದುರಾದ ಬೈಕಿನವರು ಯಾರೋ ಚುನಾವಣೆ ಗೆದ್ದರೆಂದು ತಿಳಿದು ಕೈ ಬೀಸಿದರು. ಅವನೂ ಬೀಸಿದ. ದಾರಿಯ ಎರಡೂ ಬದಿಗೆ ಜಾಲಿ ಗಿಡಗಳು ಸಾಲಾಗಿ ನಿಂತಿದ್ದವು. ಅವೂ ತನ್ನವೇ ಎನ್ನಿಸಿತು.

ಹೊತ್ತು ಮುಳುಗುವ ಮುಂಚೆ ಸಣ್ಣಕ್ಕನ ಹೋಟೆಲು ತುಂಬಿತು. ಬೋರಣ್ಣನನ್ನು ಬೆಂಚಿನ ನಡುವೆ ಕೂರಿಸಿದರು. ಬೋರ್ಡಿನ ಫೋಟೋ ಕೈಯಿಂದ ಕೈಗೆ ಹೋಯಿತು. "ರಾಯದುರ್ಗದಾಗ, ದಿಲ್ಲಿಯವರ ಮುಂದ!" ಎಂದರು ಒಬ್ಬರು. "ನಮ್ಮ ಊರಾಗ ಇಷ್ಟು ದೊಡ್ಡ ಅಕ್ಷರದಾಗ ಯಾರ ಹೆಸರೂ ಬರದಿಲ್ಲಪಾ." ಪಾಪಣ್ಣನಿಗೆ ಕೂಡ ಬೇರೆ ದಾರಿಯಿರಲಿಲ್ಲ. "ನಾನ ಕರಕೊಂಡು ಹೋಗಿದ್ದು," ಎನ್ನುತ್ತ ವಿಡಿಯೋ ಹಾಕಿ, ದನಿ ಪೂರ್ತಿ ಏರಿಸಿದ.

"ಜಾಲಿ ದಾನಿ ಬೋರಣ್ಣ!" ಎಂದಿತು ಮೊಬೈಲು. ಎಲ್ಲರೂ ಚಪ್ಪಾಳೆ ತಟ್ಟಿದರು.

ಒಬ್ಬನು ತಟ್ಟಲಿಲ್ಲ. ಇಪ್ಪತ್ತು ವರ್ಷ ಸೈನ್ಯದಲ್ಲಿದ್ದು, ಉತ್ತರದ ಕಡೆಯೆಲ್ಲ ತಿರುಗಿ, ಪಿಂಚಣಿ ತೆಗೆದುಕೊಂಡು ಬಂದಿದ್ದ ಮುದ್ದಪ್ಪ. ಅವನು ಚಾ ಲೋಟ ಕೆಳಗಿಟ್ಟ. "ಇನ್ನೊಂದು ಸಲ ಹಾಕು," ಎಂದ.

ಪಾಪಣ್ಣ ಹಾಕಿದ.

"ಆ ಮಂದಿ ಯಾಕ ನಗತಾರ?"

"ಖುಷಿಗೆ," ಎಂದ ಬೋರಣ್ಣ.

ಮುದ್ದಪ್ಪ ಒಳ್ಳೆಯ ಮನುಷ್ಯ, ಹೇಳಲೋ ಬೇಡವೋ ಎಂದು ಅವನು ನಿಜಕ್ಕೂ ಯೋಚಿಸಿದ. "ಅಲ್ಲೋ ಬೋರಣ್ಣ," ಎಂದ ಕೊನೆಗೆ, "ಹಿಂದಿಯೊಳಗ ಜಾಲಿ ಅಂದ್ರ ನಕಲಿ. ಜಾಲಿ ನೋಟು ಅಂತಾರ, ಜಾಲಿ ಸರ್ಟಿಫಿಕೇಟು ಅಂತಾರ. ದಾನಿ ಅಂದ್ರ ಅಲ್ಲೂ ದಾನಿನ. ಅವ್ರು ಓದಿದ್ದು, 'ನಕಲಿ ದಾನಿ ಬೋರಣ್ಣ' ಅಂತ ಆತಲ್ಲೋ."

ಯಾರೋ ಕೆಮ್ಮಿದರು.

"ಬರದದ್ದು ಕನ್ನಡಲ್ಲೇನು!" ಎಂದ ಬೋರಣ್ಣ.

"ಬರದದ್ದು ಕನ್ನಡ. ಓದಿದ್ದು ಹಿಂದಿ. ಇಂಗ್ಲಿಷ್ ಅಕ್ಷರಾನೂ ಐತಲ್ಲ, ಇನ್ನ ಹೊರಗಿನಿಂದ ಬಂದವರೆಲ್ಲಾ ಹಂಗ ಓದತಾರ."

"ಸದ್ಯ!" ಎಂದು ಪಾಪಣ್ಣ ಎದೆ ಮುಟ್ಟಿಕೊಂಡ. "ಕೈಕಾಲು ಬಿದ್ದು ಕೇಳಿದ್ನೆಪಾ ನನ್ನ ಹೆಸರೂ ಬರೀರಿ ಅಂತ. ಬಸವಣ್ಣ ಉಳಿಸಿದ."

ಮೊದಲು ನಕ್ಕವಳು ಸಣ್ಣಕ್ಕ. ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅದು ನಿಲ್ಲಲೂ ಇಲ್ಲ. "ತಗೋಪಾ ಜಾಲಿ ದಾನಿ, ಇನ್ನೊಂದು ಚಾ ಕುಡಿ, ಇದು ಅಸಲಿ," ಎಂದಳು ಸಣ್ಣಕ್ಕ.

ಬೋರಣ್ಣ ಚಾ ಕುಡಿದ. ಅವಳು ಹಾಲು ಹೆಚ್ಚು ಹಾಕಿದ್ದಳು. ಶಾಲು ಸರಿಮಾಡಿಕೊಂಡು ಎದ್ದ. ಗುಡಿಯ ಮುಂದೆ ಹಾದಾಗ ಕಟ್ಟೆಯ ಮೇಲಿಂದ ಯಾರೋ, "ಏನು ಜಾಲಿ ದಾನಿ, ಊಟ ಆತೇನು?" ಎಂದರು. ನೀರಿನ ಟ್ಯಾಂಕಿನ ಹತ್ತಿರ ಕೊಡ ತುಂಬುವ ಹೆಂಗಸರು, "ಜಾಲಿ ದಾನಿ ಬಂದ, ದಾರಿ ಬಿಡ್ರಿ," ಎಂದರು. ಅವನು ಮನೆ ಮುಟ್ಟುವ ಮುಂಚೆ ಆ ಹೆಸರು ಮುಟ್ಟಿತ್ತು. ಐವತ್ತು ವರ್ಷ ಯಾವ ಬೆಂಚಿನ ಮೇಲೂ ಇಲ್ಲದವನು ಈಗ ಎಲ್ಲರ ಬಾಯಲ್ಲೂ ಇದ್ದ.

ಓಬಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಡನ ಕೊರಳಿನ ಹಾರ ನೋಡಿದಳು, ಗುಂಡಿಯಿಲ್ಲದ ಅಂಗಿ ನೋಡಿದಳು, ಗೀರುಬಿದ್ದ ಕೈ ಹಿಡಿದು ದೀಪದ ಬೆಳಕಿಗೆ ತಿರುಗಿಸಿ ಒಂದೊಂದಾಗಿ ಮುಳ್ಳಿನ ಮೊನೆ ತೆಗೆಯತೊಡಗಿದಳು. ಆಮೇಲೆ, ತಲೆಯೆತ್ತದೆ ಅಂದಳು:

"ಹೆಸರು ತರತೀನಿ ಅಂತ ಹೋದ್ರಿ. ಅಡ್ಡಹೆಸರು ತಂದ್ರಿ."